ಊರಿನ ಹೆಸರು ನೋಡಿ ಗಂಟುಮೂಟೆ ಕಟ್ಟುವ ಮುಂಚೆ: ಒಂದು ನಗರವನ್ನು ಪರೀಕ್ಷೆ ಮಾಡುವುದು ಹೇಗೆ

ಲಂಡನ್ ಅಂದರೆ ಮಳೆ, ಶಿಕಾಗೊ ಅಂದರೆ ಗಾಳಿ, ಪ್ಯಾರಿಸ್ ಅಂದರೆ ಪ್ರೀತಿ ಪ್ರೇಮ. ಕೇಳಿ ಕೇಳಿ ನಮಗೆ ಇದೆಲ್ಲ ಬಾಯಿಪಾಠ. ಈಗ ಲೆಕ್ಕ ತೆಗೆದು ನೋಡಿ. ಲಂಡನ್ನಿನಲ್ಲಿ ವರ್ಷಕ್ಕೆ ಸುಮಾರು 600 ಮಿಲಿಮೀಟರ್ ಮಳೆ ಬೀಳುತ್ತದೆ. ರೋಮ್‌ನಲ್ಲಿ ಅದಕ್ಕಿಂತ ಜಾಸ್ತಿ. ಬಿಸಿಲಿನ ಊರು ಅಂತ ಹೆಸರಾದ ಸಿಡ್ನಿಯಲ್ಲಿ ಹತ್ತಿರ ಹತ್ತಿರ ಎರಡು ಪಟ್ಟು. ಸರಾಸರಿ ಗಾಳಿಯ ವೇಗದಲ್ಲಿ ಶಿಕಾಗೊವನ್ನು ಬೋಸ್ಟನ್ ಹಿಂದೆ ಹಾಕುತ್ತದೆ, ಆದರೆ ಬೋಸ್ಟನ್ನನ್ನು ಗಾಳಿಯ ಊರು ಅಂತ ಯಾರೂ ಕರೆಯುವುದಿಲ್ಲ.

ಹಾಗಂತ ಲಂಡನ್ನಿನವರು ಹವೆಯ ಬಗ್ಗೆ ಗೊಣಗುವುದು ಸುಳ್ಳು ಅಂತಲ್ಲ. ಮಳೆ ಸ್ವಲ್ಪ ಸ್ವಲ್ಪವೇ, ಆದರೆ ಪದೇ ಪದೇ ಬರುತ್ತದೆ. ಅದಕ್ಕಿಂತ ಹೆಚ್ಚಾಗಿ, ಡಿಸೆಂಬರ್‌ನಲ್ಲಿ ಅಲ್ಲಿ ಸಂಜೆ 4 ಗಂಟೆ ಆಗುವ ಮುಂಚೆಯೇ ಸೂರ್ಯ ಮುಳುಗಿರುತ್ತದೆ. ಹೊರಗಿನಿಂದ ಹೋದವರಿಗೆ ಮೊದಲ ಚಳಿಗಾಲದಲ್ಲಿ ಮನಸ್ಸು ಕುಗ್ಗುವುದು ಈ ಕತ್ತಲೆಯಿಂದ, ಛತ್ರಿಯಿಂದಲ್ಲ. ಊರಿನ ಹೆಸರು ಒಂದು ಕಡೆ ಕೈ ತೋರಿಸುತ್ತಾ ಇರುತ್ತದೆ, ಪೆಟ್ಟು ಇನ್ನೊಂದು ಕಡೆಯಿಂದ ಬೀಳುತ್ತದೆ.

ಕೆಲಸಕ್ಕೋ, ಓದಿಗೋ, ಮದುವೆಯಾಗಿಯೋ, ಸುಮ್ನೆ ಆಸೆಯಿಂದಲೋ ಬೇರೆ ನಗರಕ್ಕೆ ಶಿಫ್ಟ್ ಆಗಬೇಕು ಅಂತ ಇರುವವರಿಗಾಗಿ ಇದನ್ನು ಬರೆಯುತ್ತಿದ್ದೇನೆ. ನನ್ನ ವಾದ ಇಷ್ಟೇ. ಇಡೀ ನಗರದಲ್ಲಿ ಯಾರೂ ಬದುಕುವುದಿಲ್ಲ. ಒಂದು ಬೀದಿಯಲ್ಲಿ ಮನೆ, ಅಲ್ಲಿಂದ ಕೆಲಸಕ್ಕೆ ಒಂದು ದಾರಿ, ಸುತ್ತ ಒಂದಿಷ್ಟು ಅಂಗಡಿ, ಅಷ್ಟೇ ನಿಮ್ಮ ಪಾಲಿನ ಊರು. ಪರೀಕ್ಷೆ ಮಾಡಬೇಕಾದದ್ದು ಅದನ್ನು.

ಮೊದಲು: ಈ ಹೆಸರು ಕೊಟ್ಟವರು ಯಾರು?

ಊರಿನ ಬಗ್ಗೆ ನಿಮ್ಮ ತಲೆಯಲ್ಲಿ ಏನಿದೆ ಅಂತ ನಾಲ್ಕು ಸಾಲು ಬರೆದುಕೊಳ್ಳಿ. ಸುಂದರ, ದುಬಾರಿ, ಅಪಾಯ, ಜನ ಒಳ್ಳೆಯವರು, ಏನೇ ಇರಲಿ. ಆಮೇಲೆ ಒಂದೊಂದರ ಮುಂದೆಯೂ ಇದು ಯಾವ ಕಾಲದ ಮಾತು, ಯಾರು ಹೇಳಿದ್ದು, ಅವರಿಗೆ ಇದರಿಂದ ಏನು ಲಾಭ ಅಂತ ಕೇಳಿಕೊಳ್ಳಿ.

ಕಾಲದ ಪ್ರಶ್ನೆ ಯಾಕೆ ಅಂದರೆ ಊರು ಬದಲಾದರೂ ಹೆಸರು ಬದಲಾಗುವುದಿಲ್ಲ. ಲಂಡನ್ನಿನ ಆ ಪ್ರಸಿದ್ಧ ಮಂಜು ಬರೀ ಮಂಜಾಗಿರಲಿಲ್ಲ, ಅದರಲ್ಲಿ ಕಲ್ಲಿದ್ದಲಿನ ಹೊಗೆ ಬೆರೆತಿತ್ತು. 1952ರ ಡಿಸೆಂಬರ್‌ನಲ್ಲಿ ಅದು ಐದು ದಿನ ಊರನ್ನು ಮುಚ್ಚಿಕೊಂಡಿತು. ಆಗಿನ ಲೆಕ್ಕದಲ್ಲಿ ಸತ್ತವರು ಸುಮಾರು 4,000, ಆಮೇಲಿನ ಅಧ್ಯಯನಗಳ ಪ್ರಕಾರ 12,000ದವರೆಗೂ ಇರಬಹುದು. 1956ರಲ್ಲಿ ಶುದ್ಧ ಗಾಳಿಯ ಕಾನೂನು ಬಂತು, ಕಲ್ಲಿದ್ದಲಿನ ಒಲೆಗಳು ಹೋದವು, ಆ ಹೊಗೆಯೂ ಹೋಯಿತು. ಚಿತ್ರಗಳಲ್ಲಿ ಮಾತ್ರ ಲಂಡನ್ ಇವತ್ತಿಗೂ ಮಂಜಿನಲ್ಲೇ ನಿಂತಿದೆ.

ಲಾಭದ ಪ್ರಶ್ನೆಗೆ ನ್ಯೂಯಾರ್ಕ್‌ಗಿಂತ ಒಳ್ಳೆಯ ಉದಾಹರಣೆ ಸಿಗಲಿಕ್ಕಿಲ್ಲ. 1975ರಲ್ಲಿ ಆ ನಗರ ದಿವಾಳಿಯ ಅಂಚಿನಲ್ಲಿತ್ತು, ಪೊಲೀಸರನ್ನೂ ಅಗ್ನಿಶಾಮಕದವರನ್ನೂ ಕೆಲಸದಿಂದ ತೆಗೆಯಲು ಹೊರಟಿತ್ತು. ಅವರ ಸಂಘಗಳು ತಲೆಬುರುಡೆಯ ಚಿತ್ರ ಹಾಕಿ ಒಂದು ಕರಪತ್ರ ಹಂಚಿದವು: ಭಯದ ನಗರಕ್ಕೆ ಸ್ವಾಗತ, ಸಂಜೆ 6ರ ಮೇಲೆ ಬೀದಿಯಲ್ಲಿ ನಡೆಯಬೇಡಿ, ಸಬ್‌ವೇ ಹತ್ತಬೇಡಿ ಅಂತ. ಎರಡೇ ವರ್ಷಕ್ಕೆ, 1977ರಲ್ಲಿ, ಅದೇ ರಾಜ್ಯದ ಸರ್ಕಾರ ಪ್ರವಾಸಿಗರನ್ನು ಕರೆಯಲು ಪ್ರಚಾರ ಶುರು ಮಾಡಿತು. ಅದಕ್ಕೆ ವಿನ್ಯಾಸಕಾರ ಮಿಲ್ಟನ್ ಗ್ಲೇಸರ್ ಬರೆದುಕೊಟ್ಟ, "ಐ ಲವ್ ನ್ಯೂಯಾರ್ಕ್" ಅನ್ನುವ ಕೆಂಪು ಹೃದಯದ ಗುರುತು ಇವತ್ತಿಗೂ ಟೀ ಶರ್ಟುಗಳ ಮೇಲಿದೆ. ಒಂದೇ ಊರು, ಎರಡು ವರ್ಷದ ಅಂತರ, ಒಂದು ಕಡೆ ಬುರುಡೆ, ಇನ್ನೊಂದು ಕಡೆ ಹೃದಯ. ಎರಡೂ ಯಾರೋ ಯಾವುದೋ ಕೆಲಸ ಆಗಲಿ ಅಂತ ಮಾಡಿಸಿದ್ದು. ನೀವು ನೋಡುವ ರೀಲ್ಸ್, ಬಿಲ್ಡರ್‌ಗಳ ಜಾಹೀರಾತು, ಪ್ರವಾಸೋದ್ಯಮ ಇಲಾಖೆಯ ವಿಡಿಯೊ, "ಈ ಊರು ಹಾಳಾಯ್ತು" ಅಂತ ಅಳುವ ಪೋಸ್ಟುಗಳು, ಎಲ್ಲಕ್ಕೂ ಇದೇ ಪ್ರಶ್ನೆ ಹಾಕಿ.

ವಾಸಕ್ಕೆ ಯೋಗ್ಯ ನಗರಗಳ ಪಟ್ಟಿಗಳಿಗೂ ಹಾಕಿ. ಎಕನಾಮಿಸ್ಟ್ ಪತ್ರಿಕೆಯ ಬಳಗದ ಸಂಶೋಧನಾ ಸಂಸ್ಥೆ ಎಕನಾಮಿಸ್ಟ್ ಇಂಟೆಲಿಜೆನ್ಸ್ ಯೂನಿಟ್‌ನ ಪಟ್ಟಿಯಲ್ಲಿ ಮೆಲ್ಬರ್ನ್ 2011ರಿಂದ 2017ರವರೆಗೆ ಸತತ ಏಳು ಸಲ ಮೊದಲು ಬಂತು, 2022ರಿಂದ 2024ರವರೆಗೆ ವಿಯೆನ್ನಾ, 2025ರಲ್ಲಿ ಕೋಪನ್‌ಹೇಗನ್. ಸ್ಥಿರತೆ, ಆಸ್ಪತ್ರೆ, ಶಿಕ್ಷಣ, ಸಂಸ್ಕೃತಿ ಮತ್ತು ಪರಿಸರ, ಮೂಲಸೌಕರ್ಯ, ಇಷ್ಟಕ್ಕೆ ಅಂಕ. ಮನೆ ಬಾಡಿಗೆ ಎಷ್ಟು ಅನ್ನುವುದು ಲೆಕ್ಕಕ್ಕೇ ಇಲ್ಲ! ಕಾರಣ ಸರಳ. ನೌಕರರನ್ನು ಬೇರೆ ದೇಶಕ್ಕೆ ಕಳಿಸುವ ಕಂಪನಿಗಳು ಅವರಿಗೆ ಕಷ್ಟದ ಭತ್ಯೆ ಎಷ್ಟು ಕೊಡಬೇಕು ಅಂತ ನಿರ್ಧರಿಸಲು ಇಂಥ ಪಟ್ಟಿಗಳನ್ನು ಬಳಸುತ್ತವೆ. ಕಂಪನಿಯೇ ಬಾಡಿಗೆ ಕಟ್ಟುವ ಅಧಿಕಾರಿಗೆ ಅದು ಸರಿಯಾದ ಪಟ್ಟಿ. ನಿಮ್ಮ ಬಾಡಿಗೆ ನೀವೇ ಕಟ್ಟುವುದಾದರೆ ಅರ್ಧ ಉಪಯೋಗ.

ಹವೆ: ವರ್ಷದ ಸರಾಸರಿ ನೋಡಬೇಡಿ

ಸಿಯಾಟಲ್‌ನಲ್ಲಿ ವರ್ಷಕ್ಕೆ ಬೀಳುವ ಒಟ್ಟು ಮಳೆ ನ್ಯೂಯಾರ್ಕ್‌ಗಿಂತ ಕಡಿಮೆ. ಆದರೆ ಮಳೆಯ ದಿನಗಳು 150ರ ಆಸುಪಾಸು, ಅದೂ ಹೆಚ್ಚಾಗಿ ಚಳಿಗಾಲಕ್ಕೆ ಅಂಟಿಕೊಂಡು, ಮೋಡ ಸರಿಯುವುದೇ ಇಲ್ಲ ಅನ್ನುವ ಹಾಗೆ. ಕ್ಯಾಲಿಫೋರ್ನಿಯಾ ಅಂದರೆ ಬಿಸಿಲು ಅಂತ ಜುಲೈನಲ್ಲಿ ಚಡ್ಡಿ ಹಾಕಿಕೊಂಡು ಸ್ಯಾನ್ ಫ್ರಾನ್ಸಿಸ್ಕೊಗೆ ಹೋದವರು ಅಲ್ಲೇ ಸ್ವೆಟರ್ ಕೊಳ್ಳುತ್ತಾರೆ. ಸಮುದ್ರದಿಂದ ಬರುವ ತಣ್ಣನೆಯ ಮಂಜಿನಿಂದ ಅಲ್ಲಿ ಬೇಸಿಗೆಯ ಮಧ್ಯಾಹ್ನವೂ 20 ಡಿಗ್ರಿಯ ಸುತ್ತಲೇ ಇರುತ್ತದೆ. ಸುಮಾರು 40 ಕಿಲೋಮೀಟರ್ ಒಳನಾಡಿಗೆ ಹೋದರೆ 30 ದಾಟುತ್ತದೆ. ಊರಿನ ಒಳಗೇ ಪಶ್ಚಿಮದ ಬಡಾವಣೆ ಮಂಜಿನಲ್ಲಿ ಮುಳುಗಿರುವಾಗ ಪೂರ್ವದ ಬಡಾವಣೆಯಲ್ಲಿ ಜನ ಬಿಸಿಲು ಕಾಯಿಸುತ್ತಿರುತ್ತಾರೆ.

ಆದ್ದರಿಂದ ತಿಂಗಳಿನ ಲೆಕ್ಕ ತೆಗೆಯಿರಿ. ತಾಪಮಾನ, ಮಳೆಯ ದಿನಗಳು, ಸೂರ್ಯ ಹುಟ್ಟುವ ಮುಳುಗುವ ಹೊತ್ತು, ಗಾಳಿಯ ಗುಣಮಟ್ಟ. ಇದರಲ್ಲಿ ಅತಿ ಕೆಟ್ಟ ಎರಡು ತಿಂಗಳು ಯಾವುವು ನೋಡಿ. ಊರು ನೋಡಲು ಹೋಗುವುದಾದರೆ ಆಗಲೇ ಹೋಗಿ. ದುಬೈಯ ಫೋಟೊಗಳೆಲ್ಲ ಜನವರಿಯವು. ಅಲ್ಲಿ ಜೂನ್ 15ರಿಂದ ಸೆಪ್ಟೆಂಬರ್ 15ರವರೆಗೆ ಮಧ್ಯಾಹ್ನ 12:30ರಿಂದ 3ರ ತನಕ ಬಯಲಿನಲ್ಲಿ ನೇರ ಬಿಸಿಲಿಗೆ ಕೆಲಸ ಮಾಡಿಸಬಾರದು ಅಂತ ಕಾನೂನೇ ಇದೆ. ಆ ಮೂರು ತಿಂಗಳು ನಿಮ್ಮ ಮಕ್ಕಳು ಎಲ್ಲಿ ಆಡುತ್ತಾರೆ ಅನ್ನುವುದು ಫೋಟೊದಲ್ಲಿ ಕಾಣುವುದಿಲ್ಲ.

ಇಷ್ಟೆಲ್ಲ ಹೇಳಿ ಒಂದು ಉಲ್ಟಾ ಮಾತೂ ಹೇಳಬೇಕು. ಹವೆ ಒಂದನ್ನೇ ಹಿಡಿದುಕೊಂಡು ಊರು ಆರಿಸಬೇಡಿ. ಸಂಶೋಧಕರಾದ ಡೇವಿಡ್ ಶ್ಕೇಡ್ ಮತ್ತು ಡೇನಿಯಲ್ ಕಾನೆಮನ್ 1998ರಲ್ಲಿ ಒಂದು ಅಧ್ಯಯನ ಪ್ರಕಟಿಸಿದರು. ಕ್ಯಾಲಿಫೋರ್ನಿಯಾದ ವಿದ್ಯಾರ್ಥಿಗಳನ್ನೂ ಚಳಿ ಕೊರೆಯುವ ಮಧ್ಯ ಪಶ್ಚಿಮ ಅಮೆರಿಕದ ವಿದ್ಯಾರ್ಥಿಗಳನ್ನೂ ನಿಮಗೆ ಬದುಕು ಎಷ್ಟು ತೃಪ್ತಿ ಕೊಟ್ಟಿದೆ ಅಂತ ಕೇಳಿದರು. ಎರಡೂ ಕಡೆ ಉತ್ತರ ಹೆಚ್ಚುಕಮ್ಮಿ ಒಂದೇ. ಆದರೆ ನಿಮ್ಮಂಥವರೇ ಆ ಇನ್ನೊಂದು ಕಡೆ ಇದ್ದರೆ ಹೇಗಿರುತ್ತಾರೆ ಅಂತ ಕೇಳಿದಾಗ, ಎರಡೂ ಕಡೆಯವರು ಕ್ಯಾಲಿಫೋರ್ನಿಯಾದವರೇ ಹೆಚ್ಚು ಸುಖಿಗಳು ಅಂದರು. ಯಾಕೆಂದರೆ ಊರು ಊರು ಹೋಲಿಸುವಾಗ ಕಣ್ಣಿಗೆ ಬೀಳುವುದು ಬಿಸಿಲು, ಸಮುದ್ರ. ಇದ್ದು ಬದುಕುವಾಗ ತಲೆಯಲ್ಲಿ ಇರುವುದು ಪರೀಕ್ಷೆ, ಗೆಳೆಯರು, ದುಡ್ಡು, ನಿದ್ದೆ.

ಓಡಾಟ: ಇದಕ್ಕೇ ಅರ್ಧ ಸಮಯ ಕೊಡಿ

ನನ್ನನ್ನು ಕೇಳಿದರೆ ಇದೊಂದು ಸರಿಯಾಗಿದ್ದರೆ ಉಳಿದದ್ದನ್ನು ಹೇಗಾದರೂ ಸಂಭಾಳಿಸಬಹುದು. ಇಟಲಿಯ ಭೌತವಿಜ್ಞಾನಿ ಚೆಸಾರೆ ಮಾರ್ಕೆಟ್ಟಿ 1994ರಲ್ಲಿ ಒಂದು ವಿಷಯ ತೋರಿಸಿದರು. ನಡೆಯುವ ಕಾಲದಿಂದ ಕಾರಿನ ಕಾಲದವರೆಗೆ ಮನುಷ್ಯರು ದಿನದ ಓಡಾಟಕ್ಕೆ ಕೊಡುವುದು ಸರಾಸರಿ ಒಂದು ಗಂಟೆಯ ಆಸುಪಾಸು, ಹೋಗಿ ಬರುವುದು ಎರಡೂ ಸೇರಿ. ವಾಹನ ವೇಗವಾದರೆ ಮನೆ ದೂರ ಹೋಗುತ್ತದೆಯೇ ಹೊರತು ಸಮಯ ಉಳಿಯುವುದಿಲ್ಲ. ಇದನ್ನು ಅಳತೆಗೋಲಾಗಿ ಇಟ್ಟುಕೊಳ್ಳಿ. ನಿಮ್ಮ ದಾರಿ ದಿನಕ್ಕೆ ಎರಡೂವರೆ ಗಂಟೆ ತಿನ್ನುತ್ತದೆ ಅಂದರೆ ಆ ಹೆಚ್ಚಿನ ಒಂದೂವರೆ ಗಂಟೆಯನ್ನು ನಿದ್ದೆಯಿಂದಲೋ ಮನೆಯವರಿಂದಲೋ ಕಿತ್ತುಕೊಳ್ಳುತ್ತಿದ್ದೀರಿ.

"ದೂರ ಆದರೂ ಮನೆ ದೊಡ್ಡದು, ಬಾಡಿಗೆ ಕಮ್ಮಿ, ಅಡ್ಜಸ್ಟ್ ಆಗುತ್ತದೆ" ಅಂತ ಎಲ್ಲರೂ ಅಂದುಕೊಳ್ಳುತ್ತಾರೆ. ಅರ್ಥಶಾಸ್ತ್ರಜ್ಞರಾದ ಅಲೋಯಿಸ್ ಸ್ಟುಟ್ಸರ್ ಮತ್ತು ಬ್ರೂನೊ ಫ್ರೇ ಜರ್ಮನಿಯ ಮನೆಗಳ ಮಾಹಿತಿ ಇಟ್ಟುಕೊಂಡು ಇದನ್ನೇ ನೋಡಿದರು. ಆ ಲೆಕ್ಕ ಸರಿ ಇದ್ದಿದ್ದರೆ ದೂರದಿಂದ ಓಡಾಡುವವರು ಸಂಬಳದಲ್ಲೋ ಮನೆಯಲ್ಲೋ ಅದನ್ನು ತುಂಬಿಕೊಂಡು ಬೇರೆಯವರಷ್ಟೇ ನೆಮ್ಮದಿಯಾಗಿ ಇರಬೇಕಿತ್ತು. ಇರಲಿಲ್ಲ. ಓಡಾಟ ಉದ್ದವಾದಷ್ಟೂ ತೃಪ್ತಿ ಕಮ್ಮಿ. ದೊಡ್ಡ ಮನೆ ಅಭ್ಯಾಸವಾಗಿಬಿಡುತ್ತದೆ, ಟ್ರಾಫಿಕ್ ಅಭ್ಯಾಸವಾಗುವುದಿಲ್ಲ.

ಪರೀಕ್ಷೆ ಹೀಗೆ ಮಾಡಿ. ನಕ್ಷೆಯ ಆ್ಯಪ್‌ನಲ್ಲಿ ಹೊರಡುವ ಹೊತ್ತನ್ನು ನೀವೇ ಹಾಕುವ ಆಯ್ಕೆ ಇರುತ್ತದೆ. ಮಂಗಳವಾರ ಬೆಳಗ್ಗೆ 8:30 ಅಂತ ಹಾಕಿ, ವಾಪಸ್ಸಿಗೆ ಸಂಜೆ 6:30 ಅಂತ ಹಾಕಿ. ಅದು ಒಂದು ಅಂದಾಜು ಅವಧಿ ಕೊಡುತ್ತದೆ, ಇಷ್ಟರಿಂದ ಇಷ್ಟು ನಿಮಿಷ ಅಂತ. ಅದರಲ್ಲಿ ದೊಡ್ಡ ಸಂಖ್ಯೆಯನ್ನೇ ನಂಬಿ. ಊರಿಗೆ ಹೋದಾಗ ಆ ದಾರಿಯಲ್ಲಿ ಅದೇ ಹೊತ್ತಿಗೆ ಒಂದು ಸಲ ಹೋಗಿ ಬನ್ನಿ, ಭಾನುವಾರ ಬೇಡ, ಹಬ್ಬದ ರಜೆಯಲ್ಲಿ ಬೇಡವೇ ಬೇಡ, ಹೆಗಲಿಗೆ ನೀವು ದಿನಾ ಒಯ್ಯುವ ಬ್ಯಾಗ್ ಹಾಕಿಕೊಂಡು, ಮನೆ ಬಾಗಿಲಿನಿಂದ ಆಫೀಸಿನ ಕುರ್ಚಿಯವರೆಗೆ ಗಡಿಯಾರ ನೋಡಿ. ಸ್ಟೇಷನ್ನಿನಿಂದ ಹತ್ತು ನಿಮಿಷ ಅಂತ ಬಾಡಿಗೆ ಜಾಹೀರಾತಿನಲ್ಲಿ ಇರುವುದು ಯಾರ ನಡಿಗೆಯೋ ದೇವರಿಗೇ ಗೊತ್ತು.

ಗಾಡಿ ಎಷ್ಟು ತುಂಬಿರುತ್ತದೆ ಅನ್ನುವುದೂ ಸಮಯದಷ್ಟೇ ಮುಖ್ಯ. ಮುಂಬೈ ಲೋಕಲ್ ರೈಲಿನ ಹೆಸರು ಜಗತ್ತಿಗೇ ಗೊತ್ತು. ಪೀಕ್ ಹೊತ್ತಿನಲ್ಲಿ ಒಂದು ಚದರ ಮೀಟರ್ ಜಾಗದಲ್ಲಿ 14ರಿಂದ 16 ಜನ ನಿಂತಿರುತ್ತಾರೆ ಅನ್ನುವುದು ರೈಲ್ವೆಯವರೇ ಬಳಸುವ ಲೆಕ್ಕ. ಅದರ ಬಗ್ಗೆ ಓದಿ ಮೆಚ್ಚಿಕೊಳ್ಳುವುದು ಬೇರೆ, ವಾರಕ್ಕೆ ಐದು ದಿನ ಆ ಹದಿನಾರರಲ್ಲಿ ಒಬ್ಬರಾಗುವುದು ಬೇರೆ. ರಾತ್ರಿಯದ್ದೂ ನೋಡಿ. ನಿದ್ದೆ ಮಾಡದ ನಗರ ಅಂತ ಎಷ್ಟೋ ಊರಿಗೆ ಬಿರುದು ಇದೆ. ನ್ಯೂಯಾರ್ಕ್‌ನ ಸಬ್‌ವೇ ನಿಜಕ್ಕೂ 24 ಗಂಟೆ ಓಡುತ್ತದೆ. ದೀಪಗಳಿಂದ ಝಗಮಗಿಸುವ ಟೋಕಿಯೊದಲ್ಲಿ ಮಾತ್ರ ನಡುರಾತ್ರಿಯ ಹೊತ್ತಿಗೆ ರೈಲು ನಿಂತರೆ ಮತ್ತೆ ಬೆಳಗಿನ ಜಾವ 5ರ ಸುಮಾರಿಗೇ. ನಿಮ್ಮದು ರಾತ್ರಿ ಪಾಳಿಯ ಕೆಲಸ ಆಗಿದ್ದರೆ ಈ ಒಂದು ವಿವರ ಊರಿನ ಎಲ್ಲ ದೀಪಗಳಿಗಿಂತ ದೊಡ್ಡದು.

ಮನೆ ಎಲ್ಲಿ ಸಿಗುತ್ತದೆ, ಏನೇನು ಕೇಳುತ್ತಾರೆ

ಚಿತ್ರದಲ್ಲಿ ಕಾಣುವ ಪ್ಯಾರಿಸ್ ತುಂಬಾ ಚಿಕ್ಕದು. ನಗರಸಭೆಯ ಗಡಿಯೊಳಗಿನ ಪ್ಯಾರಿಸ್ ನಗರ ಸುಮಾರು 105 ಚದರ ಕಿಲೋಮೀಟರ್, ಅದರೊಳಗೆ 21 ಲಕ್ಷದಷ್ಟು ಜನ. ಇಡೀ ಪ್ಯಾರಿಸ್ ಪ್ರದೇಶದ ಜನಸಂಖ್ಯೆ 1.2 ಕೋಟಿ ದಾಟುತ್ತದೆ. ಅಂದರೆ ಪ್ಯಾರಿಸ್ಸಿನವರು ಅಂತ ಹೇಳಿಕೊಳ್ಳುವ ಆರು ಜನರಲ್ಲಿ ಐದು ಜನರ ಕಿಟಕಿ ತೆರೆಯುವುದು ಪೋಸ್ಟ್‌ಕಾರ್ಡಿನ ಹೊರಗೆ. ಒಳಗೇ ಇರುತ್ತೇನೆ ಅನ್ನುವವರಿಗೆ ಹಳೆಯ ಕಟ್ಟಡಗಳ ಕೊನೆಯ ಮಹಡಿಯಲ್ಲಿ, ಹಿಂದೆ ಮನೆಗೆಲಸದವರು ಇರುತ್ತಿದ್ದ ಕೋಣೆಗಳು ಸಿಗುತ್ತವೆ. ಫ್ರಾನ್ಸಿನ ನಿಯಮದ ಪ್ರಕಾರ ಬಾಡಿಗೆಗೆ ಕೊಡುವ ಮನೆಯಲ್ಲಿ ಮುಖ್ಯ ಕೋಣೆ ಸಾಮಾನ್ಯವಾಗಿ 9 ಚದರ ಮೀಟರ್ ಆದರೂ ಇರಬೇಕು. ಹಾಗೊಂದು ನಿಯಮ ಮಾಡಬೇಕಾಗಿ ಬಂತು ಅನ್ನುವುದರಲ್ಲೇ ಎಲ್ಲ ಇದೆ ಅಲ್ವಾ?

ಕನಸು ಮತ್ತು ಊರಿನ ನಡುವಿನ ಈ ಅಂತರ ಕೆಲವರಿಗೆ ಎಷ್ಟು ಜೋರಾಗಿ ತಗುಲಿತು ಅಂದರೆ, 1980ರ ದಶಕದಲ್ಲಿ ಪ್ಯಾರಿಸ್‌ನಲ್ಲಿ ಕೆಲಸ ಮಾಡುತ್ತಿದ್ದ ಜಪಾನಿ ಮನೋವೈದ್ಯ ಹಿರೋಆಕಿ ಓಟ ಅದಕ್ಕೆ ಪ್ಯಾರಿಸ್ ಸಿಂಡ್ರೋಮ್ ಅಂತಲೇ ಹೆಸರಿಟ್ಟರು. ಅದು ತುಂಬಾ ಅಪರೂಪ, ಪತ್ರಿಕೆಗಳು ಅದನ್ನು ಬೇಕಾದ್ದಕ್ಕಿಂತ ಜಾಸ್ತಿ ಉಬ್ಬಿಸಿವೆ ಅಂತ ನನಗೆ ಅನಿಸುತ್ತದೆ.

ಬಾಡಿಗೆ ಎಷ್ಟು ಅಂತ ಮಾತ್ರ ಕೇಳಬೇಡಿ. ಮನೆಯ ಕೀ ಕೈಗೆ ಸಿಗುವ ಮುಂಚೆ ಒಟ್ಟು ಎಷ್ಟು ಕಟ್ಟಬೇಕು, ಅದರಲ್ಲಿ ವಾಪಸ್ ಬರುವುದೆಷ್ಟು, ನನ್ನಂಥವನಿಗೆ ಮನೆ ಕೊಡುತ್ತಾರಾ, ಇದನ್ನು ಕೇಳಿ. ನ್ಯೂಯಾರ್ಕ್‌ನಲ್ಲಿ ನಿಮ್ಮ ವರ್ಷದ ಆದಾಯ ತಿಂಗಳ ಬಾಡಿಗೆಯ 40 ಪಟ್ಟು ಇರಬೇಕು ಅಂತ ಬಹಳ ಮಾಲೀಕರು ಕೇಳುತ್ತಾರೆ. ಟೋಕಿಯೊದಲ್ಲಿ ಕೆಲವು ಮನೆಗಳಿಗೆ ಅಡ್ವಾನ್ಸ್ ಅಲ್ಲದೆ ಮಾಲೀಕರಿಗೆ ಕಾಣಿಕೆ ಅಂತ ಕೊಡುವ ಹಣ ಇದೆ, ಅದು ಹಿಂದೆ ಬರುವುದಿಲ್ಲ. ಸಿಂಗಪುರದಲ್ಲಿ ಮನೆಗಿಂತ ಕಾರು ತಲೆನೋವು. ಕಾರು ಕೊಳ್ಳುವ ಮುಂಚೆ ಹತ್ತು ವರ್ಷದ ಹಕ್ಕುಪತ್ರವನ್ನು ಹರಾಜಿನಲ್ಲಿ ಪಡೆಯಬೇಕು, ಅದೇ ಎಷ್ಟೋ ಸಲ ಕಾರಿಗಿಂತ ದುಬಾರಿ. ವಿಯೆನ್ನಾದಲ್ಲಿ ಹತ್ತಿರ ಹತ್ತಿರ ಅರ್ಧ ಜನ ನಗರಸಭೆಯ ಅಥವಾ ಸಹಾಯಧನದ ಮನೆಗಳಲ್ಲಿದ್ದಾರೆ, ಆ ಊರಿನ ಒಳ್ಳೆಯ ಹೆಸರಿನಲ್ಲಿ ಅದಕ್ಕೆ ದೊಡ್ಡ ಪಾಲಿದೆ. ಆದರೆ ನಿನ್ನೆ ಬಂದಿಳಿದವರಿಗೆ ಅದು ಸಿಗುವುದಿಲ್ಲ. ಹಳಬರ ಊರು ಬೇರೆ, ಹೊಸಬರ ಊರು ಬೇರೆ. ಅವರು ಹೊಗಳುವಾಗ ಇದನ್ನು ನೆನಪಿಟ್ಟುಕೊಳ್ಳಿ.

ಸಾಧ್ಯವಾದರೆ ಮನೆ ಹುಡುಕುತ್ತಿರುವ ಬಡಾವಣೆಯಲ್ಲೇ ಕೆಲಸದ ದಿನಗಳಲ್ಲಿ ಒಂದು ವಾರ ಇರಿ. ಹೋಟೆಲ್ ಬೇಡ, ಅಡುಗೆ ಮಾಡಿಕೊಳ್ಳುವ ಜಾಗ ಇರಲಿ. ನೋಡಬೇಕಾದ ಸ್ಥಳಗಳನ್ನು ನೋಡಬೇಡಿ. ಔಷಧಿ ಅಂಗಡಿ, ತರಕಾರಿ, ಚಪ್ಪಲಿ ಹೊಲಿಯುವವರು, ಬೀಗ ರಿಪೇರಿ, ಇವು ನಡೆದು ಹೋಗುವಷ್ಟು ಹತ್ತಿರ ಇವೆಯಾ ಹುಡುಕಿ. ರಾತ್ರಿ 11ಕ್ಕೆ ಆ ಬೀದಿಯಲ್ಲಿ ಒಂದು ಸುತ್ತು ನಡೆಯಿರಿ. ಕಸ ಯಾವಾಗ ಒಯ್ಯುತ್ತಾರೆ, ನೀರು ಯಾವ ಹೊತ್ತಿಗೆ ನಿಲ್ಲುತ್ತದೆ, ಮಳೆ ಬಂದರೆ ನೀರು ಎಲ್ಲಿಗೆ ನುಗ್ಗುತ್ತದೆ ಅಂತ ಪಕ್ಕದ ಅಂಗಡಿಯವರನ್ನು ಕೇಳಿ. ಬ್ರೋಕರ್‌ಗಿಂತ ಅವರು ನೇರವಾಗಿ ಹೇಳುತ್ತಾರೆ.

ಅಂಗಡಿಗಳ ಮಾತು ಯಾಕೆ ಎತ್ತಿದೆ ಅಂದರೆ, ಕೆಲವು ಊರುಗಳಲ್ಲಿ ಹೆಸರೇ ಊರನ್ನು ತಿಂದುಹಾಕುತ್ತದೆ. 1950ರ ದಶಕದ ಆರಂಭದಲ್ಲಿ ವೆನಿಸ್ಸಿನ ಹಳೆಯ ದ್ವೀಪ ನಗರದಲ್ಲಿ 1.7 ಲಕ್ಷಕ್ಕಿಂತ ಹೆಚ್ಚು ಜನ ಇದ್ದರು. 2022ರಲ್ಲಿ ಆ ಸಂಖ್ಯೆ 50,000ಕ್ಕಿಂತ ಕೆಳಗೆ ಇಳಿಯಿತು. ಮನೆಗಳು ಪ್ರವಾಸಿಗರ ಕೋಣೆಗಳಾದವು, ದಿನಸಿ ಅಂಗಡಿ ಇದ್ದಲ್ಲಿ ಮುಖವಾಡ ಮಾರುವ ಅಂಗಡಿ ಬಂತು. ನೀವು ನೋಡಿದ ಬೀದಿಯಲ್ಲಿ ಕಾಫಿ ಮತ್ತು ಫ್ರಿಜ್ ಮ್ಯಾಗ್ನೆಟ್ ಬಿಟ್ಟು ಬೇರೇನೂ ಸಿಗದಿದ್ದರೆ, ಅಲ್ಲಿ ಬಾಡಿಗೆ ಏರುತ್ತಲೇ ಹೋಗುತ್ತದೆ ಅಂತ ಅಂದುಕೊಳ್ಳಿ.

ಯಾರನ್ನು ಕೇಳಬೇಕು, ಏನಂತ ಕೇಳಬೇಕು

"ಊರು ಹೇಗಿದೆ?" ಅಂತ ಕೇಳಬೇಡಿ. ಈ ಪ್ರಶ್ನೆಗೆ ಜನ ಊರಿನ ಹೆಸರನ್ನೇ ವಾಪಸ್ ಕೊಡುತ್ತಾರೆ. "ಹೋದ ಮಂಗಳವಾರ ಬೆಳಗ್ಗೆಯಿಂದ ರಾತ್ರಿಯವರೆಗೆ ಏನು ಮಾಡಿದಿರಿ?" ಅಂತ ಕೇಳಿ. "ಆ ಫೇಮಸ್ ಬೀಚಿಗೆ ಕೊನೆಗೆ ಹೋಗಿದ್ದು ಯಾವಾಗ?" ಅಂತ ಕೇಳಿ. ಸಮುದ್ರದ ಊರಿನಲ್ಲಿ ಇದ್ದುಕೊಂಡು ಆರು ತಿಂಗಳಿಂದ ಸಮುದ್ರ ನೋಡದವರು ಬೇಕಾದಷ್ಟು ಜನ ಸಿಗುತ್ತಾರೆ. "ಜ್ವರ ಬಂದಾಗ ಯಾರಿಗೆ ಫೋನ್ ಮಾಡಿದಿರಿ?" ಅನ್ನುವುದು ನನ್ನ ಮಟ್ಟಿಗೆ ಎಲ್ಲಕ್ಕಿಂತ ಒಳ್ಳೆಯ ಪ್ರಶ್ನೆ.

ಹೋಗಿ ಎರಡು ತಿಂಗಳಾದವರ ಮಾತನ್ನು ಅರ್ಧ ಮಾತ್ರ ನಂಬಿ, ಹೊಗಳಿಕೆ ಆದರೂ ಸರಿ, ಬೈಗುಳ ಆದರೂ ಸರಿ. ಮಾನವಶಾಸ್ತ್ರಜ್ಞ ಕಾಲೆರ್ವೊ ಓಬರ್ಗ್ 1960ರಲ್ಲಿ ಬರೆದ ಹಾಗೆ, ಹೊಸ ಜಾಗಕ್ಕೆ ಹೋದವರಿಗೆ ಮೊದಲು ಎಲ್ಲ ಚಂದ ಕಾಣುತ್ತದೆ, ಆಮೇಲೆ ಎಲ್ಲದರ ಮೇಲೂ ಸಿಟ್ಟು ಬರುತ್ತದೆ, ಆಮೇಲೆ ನಿಧಾನಕ್ಕೆ ಹೊಂದಿಕೆ ಆಗುತ್ತದೆ. ಎರಡು ಮೂರು ವರ್ಷ ಇದ್ದವರು ಬೇಕು. ಇದ್ದು ಬಿಟ್ಟು ಬಂದವರು ಇನ್ನೂ ಬೇಕು, ಯಾಕೆಂದರೆ ಉಳಿದವರಿಗೆ ತಮ್ಮ ನಿರ್ಧಾರವನ್ನು ಸಮರ್ಥಿಸಿಕೊಳ್ಳುವ ಚಟ ಇರುತ್ತದೆ. ನಿಮ್ಮದೇ ಸಂಬಳ, ನಿಮ್ಮದೇ ವಯಸ್ಸು, ನಿಮ್ಮ ಹಾಗೇ ಒಬ್ಬರೋ ಸಂಸಾರವೋ, ಅಂಥವರನ್ನೇ ಹುಡುಕಿ. ರಾತ್ರಿ ಒಬ್ಬರೇ ನಡೆಯುವ ಹೆಣ್ಣುಮಗಳಿಗೆ ಗೊತ್ತಿರುವ ಊರು ಕಾರಿನಲ್ಲಿ ಓಡಾಡುವ ಗಂಡಸಿಗೆ ಗೊತ್ತಿರುವುದಿಲ್ಲ.

ಕೆಟ್ಟ ಹೆಸರಿನ ಊರುಗಳನ್ನು ಸುಮ್ನೆ ಬಿಡಬೇಡಿ

ಹೆಸರು ಕೆಟ್ಟ ಊರಿನಲ್ಲಿ ಎಷ್ಟೋ ಸಲ ಬಾಡಿಗೆ ಕಮ್ಮಿ ಇರುತ್ತದೆ, ಇದು ನಿಮಗೆ ಲಾಭ ಆಗಬಹುದು. ಹಾಂಗ್‌ಕಾಂಗ್ ಅಂದರೆ ಉಸಿರುಗಟ್ಟಿಸುವ ಕಟ್ಟಡಗಳ ಕಾಡು ಅಂತ ಎಲ್ಲರೂ ಹೇಳುತ್ತಾರೆ, ಬಾಡಿಗೆ ಮಾತ್ರ ಅಲ್ಲಿ ಕಮ್ಮಿಯಲ್ಲ ಬಿಡಿ, ಆದರೆ ಅಲ್ಲಿನ ನೆಲದಲ್ಲಿ ಸುಮಾರು 40 ಶೇಕಡಾ ಸಂರಕ್ಷಿತ ಬೆಟ್ಟ, ಕಾಡು. ಕೊಲಂಬಿಯಾದ ಮೆಡೆಯಿನ್ ಇನ್ನೂ ಪಾಠದಂತಿದೆ. 1991ರಲ್ಲಿ ಅಲ್ಲಿ ಲಕ್ಷ ಜನಕ್ಕೆ ಸುಮಾರು 380 ಕೊಲೆಗಳಾದವು. 2004ರಲ್ಲಿ ಬೆಟ್ಟದ ಮೇಲಿನ ಬಡ ಬಡಾವಣೆಗಳಿಗೆ ಮೆಟ್ರೋ ಜೊತೆ ಸೇರುವ ಕೇಬಲ್ ಕಾರು ಬಂತು, ಕೊಲೆಯ ಪ್ರಮಾಣ ಆಗಿನ ಒಂದು ಸಣ್ಣ ಪಾಲಿಗೆ ಇಳಿದಿದೆ. ದೂರದವರ ಬಾಯಲ್ಲಿ ಅದು ಬಹಳ ವರ್ಷ ಕೊಲೆಗಾರರ ಊರಾಗಿಯೇ ಇತ್ತು. ಈಗ ಲ್ಯಾಪ್‌ಟಾಪ್ ಹಿಡಿದು ಬರುವ ವಿದೇಶಿಯರ ಅಚ್ಚುಮೆಚ್ಚಿನ ಊರು ಅಂತ ಹೊಸ ಹೆಸರು ಬಂದಿದೆ, ಅವರು ಇಷ್ಟಪಡುವ ಬಡಾವಣೆಗಳಲ್ಲಿ ಬಾಡಿಗೆ ಏರಿ ಸ್ಥಳೀಯರು ಗೊಣಗುತ್ತಿದ್ದಾರೆ. ಅಪರಾಧದ ಅಂಕಿ ನೋಡುವಾಗ ಇತ್ತೀಚಿನ ವರ್ಷದ್ದು ನೋಡಿ, ಇಡೀ ಊರಿನದು ಬೇಡ, ನಿಮ್ಮ ಬಡಾವಣೆಯದು ಬೇಕು.

ಹೋಗುವುದು ಅಂತ ನಿರ್ಧಾರ ಆದರೆ ಮೊದಲ ಬಾಡಿಗೆ ಒಪ್ಪಂದ ಸಾಧ್ಯವಾದಷ್ಟು ಕಮ್ಮಿ ಅವಧಿಯದಿರಲಿ, ಸಾಮಾನು ಕಮ್ಮಿ ಒಯ್ಯಿರಿ, ಮನೆ ಕೊಳ್ಳುವ ಮಾತಂತೂ ಒಂದು ವರ್ಷ ಬೇಡ. ಆರು ತಿಂಗಳಾದ ಮೇಲೆ ಊರೇ ಬೇಡ ಅನಿಸಿದರೆ ತಕ್ಷಣ ಗಂಟುಮೂಟೆ ಕಟ್ಟಬೇಡಿ. ಮೊದಲು ಬಡಾವಣೆ ಬದಲಿಸಿ ನೋಡಿ, ಆಫೀಸಿಗೆ ಹತ್ತಿರ, ಮನೆ ಚಿಕ್ಕದಾದರೂ ಪರವಾಗಿಲ್ಲ. ಅದಾದ ಮೇಲೂ ಬೇಡ ಅನಿಸಿದರೆ ಒಪ್ಪಂದದಲ್ಲಿ ನೋಟಿಸ್ ಎಷ್ಟು ದಿನ ಅಂತ ಬರೆದಿದೆ ನೋಡಿಕೊಂಡು ಮಾಲೀಕರಿಗೆ ಬರವಣಿಗೆಯಲ್ಲಿ ತಿಳಿಸಿ.